ಯಾವ ಕಾಫಿ ಯಾರಿಗೆ? ಮೈಸೂರಿನ ಲೋಟಕ್ಕೊಂದು ಲೆಕ್ಕ

"ಬಿಪಿ ಬಂದಿದೆ, ಫಿಲ್ಟರ್ ಬಿಟ್ಟು ಇನ್‌ಸ್ಟಂಟ್‌ಗೆ ಹೋಗಲಾ?" "ಶುಗರ್ ಇದೆ, ಬೆಲ್ಲದ ಕಾಫಿ ಪರವಾಗಿಲ್ಲ ಅಲ್ವಾ?" "ಚಿಕೋರಿ ಕೆಟ್ಟದ್ದಂತೆ, ಹೌದಾ?" "ಮಗಳು ಬಸುರಿ, ಪೂರ್ತಿ ನಿಲ್ಲಿಸಿಬಿಡಲಾ?" ಕಾಫಿ ವಿಷಯ ಬಂದರೆ ಓದುಗರು ಕೇಳುವುದು ಹೆಚ್ಚಾಗಿ ಇಂಥದ್ದನ್ನೇ. ಕಾಫಿ ಕುಡಿಯಬೇಕೋ ಬೇಡವೋ ಅಂತ ಮೈಸೂರಿನಲ್ಲಿ ಯಾರೂ ಕೇಳುವುದಿಲ್ಲ. ಕುಡಿಯುವುದು ಹೇಗಿದ್ದರೂ ತೀರ್ಮಾನವಾಗಿದೆ. ಯಾವುದನ್ನು, ಎಷ್ಟು, ಯಾವ ಹೊತ್ತಿಗೆ ಅನ್ನುವುದೇ ತಕರಾರು.

ಇದಕ್ಕೆ ವಾಟ್ಸಾಪ್‌ನಲ್ಲಿ ಉತ್ತರಗಳಿಗೆ ಬರವಿಲ್ಲ. 1950ರಿಂದ ಸಿಎಫ್‌ಟಿಆರ್‌ಐನಂಥ ಆಹಾರ ಸಂಶೋಧನಾ ಸಂಸ್ಥೆ ಇರುವ ಊರಿದು. ಆದರೂ ಬೆಳಿಗ್ಗೆ ಬಂದ ಫಾರ್ವರ್ಡ್ ನೋಡಿ ಮನೆಯ ಕಾಫಿ ಪುಡಿ ಬದಲಾಯಿಸುತ್ತೇವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪುಡಿಯ ಬಗ್ಗೆ ನಾವು ಅತಿಯಾಗಿ ತಲೆ ಕೆಡಿಸಿಕೊಳ್ಳುತ್ತೇವೆ, ಸಕ್ಕರೆ ಮತ್ತು ಹೊತ್ತಿನ ಬಗ್ಗೆ ಏನೂ ಯೋಚಿಸುವುದಿಲ್ಲ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು ಕೆಫೀನ್. ನಿದ್ದೆ, ಎದೆ ಬಡಿತ, ಬಿಪಿ, ಬಸುರಿ, ಇವೆಲ್ಲಕ್ಕೂ ಸಂಬಂಧಪಟ್ಟದ್ದು ಇದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಐಸಿಎಂಆರ್ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಮೀರಬೇಡಿ ಅನ್ನುತ್ತದೆ. 150 ಮಿಲಿ ಪುಡಿ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಅಷ್ಟೇ ಇನ್‌ಸ್ಟಂಟ್‌ನಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65 ಅಂತ ಅದರಲ್ಲೇ ಲೆಕ್ಕ ಇದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಆರೋಗ್ಯವಂತರಿಗೆ 400ರವರೆಗೆ ಬಿಡುತ್ತದೆ, ಬಸುರಿಯರಿಗೆ ಮಾತ್ರ 200ಕ್ಕೆ ಗೆರೆ ಎಳೆಯುತ್ತದೆ.

ಎರಡನೆಯದು ಕಾಫಿಯ ಜೊತೆ ಹೊಟ್ಟೆಗೆ ಹೋಗುವ ಸಕ್ಕರೆ ಮತ್ತು ಹಾಲು. ಮೂರನೆಯದು ಕಾಫಿ ಬೀಜದ ಎಣ್ಣೆ. ಅದರಲ್ಲಿರುವ ಕೆಫೆಸ್ಟಾಲ್ ಅನ್ನುವ ಅಂಶ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ನಾಲ್ಕನೆಯದು ನಿಮ್ಮ ಹೊಟ್ಟೆಯ ಸ್ವಭಾವ, ಐದನೆಯದು ಜೇಬು. 2024ರಿಂದೀಚೆಗೆ ಕಾಫಿ ಬೀಜದ ಬೆಲೆ ಏರಿದ ರೀತಿ ನೋಡಿದರೆ ಜೇಬನ್ನು ಮೊದಲು ಇಡಬೇಕಿತ್ತೇನೋ.

ಈ ಐದರಲ್ಲಿ ನಿಮಗೆ ಯಾವುದು ಮುಖ್ಯ ಅಂತ ಗುರುತು ಹಾಕಿಕೊಂಡು ಮುಂದಕ್ಕೆ ಓದಿ. ಕೊಲೆಸ್ಟ್ರಾಲ್ ಇರುವವರಿಗೆ ಒಪ್ಪುವ ಕಾಫಿ ನಿದ್ದೆ ಬಾರದವರಿಗೆ ಒಪ್ಪಲೇಬೇಕು ಅಂತಿಲ್ಲ.

ಫಿಲ್ಟರ್ ಕಾಫಿ: ಶುದ್ಧವೋ, ಚಿಕೋರಿಯೋ

ಪುಡಿ ಅಂಗಡಿಯಲ್ಲಿ ಐದು ನಿಮಿಷ ನಿಂತರೆ ಸಾಕು, ನಮ್ಮ ಅಭ್ಯಾಸ ಗೊತ್ತಾಗುತ್ತದೆ. ಗಿರಣಿ ತಿರುಗುತ್ತಿರುತ್ತದೆ, ಬಿಸಿ ಪುಡಿಯ ವಾಸನೆ ರಸ್ತೆವರೆಗೂ ಬರುತ್ತಿರುತ್ತದೆ. ಅಂಗಡಿಯವರು "ಚಿಕೋರಿ ಎಷ್ಟು ಸಾರ್?" ಅಂತಾರೆ. "ಇಪ್ಪತ್ತು ಹಾಕಿ" ಅಂತೀವಿ, ಪೊಟ್ಟಣ ಇಸ್ಕೊಂಡು ಬರ್ತೀವಿ. ಬೀಜ ಯಾವುದು ಅಂತ ಕೇಳುವವರು ಅಪರೂಪ. ಆರೋಗ್ಯದ ಲೆಕ್ಕದಲ್ಲಿ ಮೊದಲು ಕೇಳಬೇಕಾದ್ದು ಅದನ್ನೇ.

ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ಶೇ 1.2. ರೋಬಸ್ಟಾದಲ್ಲಿ ಶೇ 2.2ರ ಆಸುಪಾಸು, ಅಂದರೆ ಹೆಚ್ಚು ಕಡಿಮೆ ಎರಡರಷ್ಟು. ಒಬ್ಬರಿಗೆ 10 ಗ್ರಾಂ ಪುಡಿ ಹಾಕುತ್ತೀರಿ ಅಂದುಕೊಳ್ಳಿ. ಶುದ್ಧ ಅರೇಬಿಕಾ ಆದರೆ ಆ ಪುಡಿಯಲ್ಲಿ 120 ಮಿಲಿಗ್ರಾಂ ಕೆಫೀನ್ ಇದೆ. ಅರೇಬಿಕಾಗೆ ನಲವತ್ತು ಭಾಗ ಚಿಕೋರಿ ಬೆರೆಸಿದರೆ 72ಕ್ಕೆ ಇಳಿಯುತ್ತದೆ. ಅದೇ ಅರವತ್ತು-ನಲವತ್ತನ್ನು ರೋಬಸ್ಟಾದಲ್ಲಿ ಮಾಡಿದರೆ 132! ಎಲ್ಲವೂ ಡಿಕಾಕ್ಷನ್‌ಗೆ ಇಳಿಯುವುದಿಲ್ಲ, ಸ್ವಲ್ಪ ಚರಟದಲ್ಲೇ ಉಳಿಯುತ್ತದೆ. ಆದರೂ ಹೋಲಿಕೆ ಅದೇ. ಅಗ್ಗದ ಮಿಶ್ರಣಗಳಲ್ಲಿ ರೋಬಸ್ಟಾ ಸಾಮಾನ್ಯ. ಹಾಗಾಗಿ "ಚಿಕೋರಿ ಜಾಸ್ತಿ ಹಾಕಿಸಿದ್ದೀನಿ, ಕೆಫೀನ್ ಕಮ್ಮಿ ಆಯ್ತು" ಅನ್ನುವ ಸಮಾಧಾನ ಎಷ್ಟೋ ಸಲ ಸುಳ್ಳು.

ಅಂಗಡಿಯ ಹೆಸರುಗಳನ್ನೂ ತಿಳಿದಿರಲಿ. ಪ್ಲಾಂಟೇಷನ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಅರೇಬಿಕಾ. ರೋಬಸ್ಟಾವನ್ನು ಹಾಗೆ ತೊಳೆದರೆ ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಒಣಗಿಸಿದ್ದು ಚೆರಿ, ಅದು ಎರಡರಲ್ಲೂ ಉಂಟು. ಪೀಬರಿ ಬೇರೆ ತಳಿಯಲ್ಲ. ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ಗುಂಡಗೆ ಬೆಳೆದಿರುತ್ತದೆ ಅಷ್ಟೆ. ಆರೋಗ್ಯಕ್ಕೆ ಒಳ್ಳೆಯದು ಅಂತ ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ರುಚಿಗೆ ಕೊಡುವುದಾದರೆ ಅದು ನಿಮ್ಮಿಷ್ಟ.

ಇನ್ನು ಚಿಕೋರಿ. ಅದೊಂದು ಗಿಡದ ಬೇರು. ಹುರಿದು ಪುಡಿ ಮಾಡುತ್ತಾರೆ. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಗುಜರಾತ್, ಉತ್ತರ ಪ್ರದೇಶದಿಂದ. ಅದರಲ್ಲಿ ಕೆಫೀನ್ ಇಲ್ಲ. ಇನ್ಯುಲಿನ್ ಅನ್ನುವ ನಾರಿನಂಶ ಇದೆ. ಅದರಿಂದ ಕೆಲವರಿಗೆ ಹೊಟ್ಟೆ ಸಲೀಸಾಗುತ್ತದೆ, ಕೆಲವರಿಗೆ ಗ್ಯಾಸ್ ತುಂಬುತ್ತದೆ. ಡಿಕಾಕ್ಷನ್‌ಗೆ ಗಟ್ಟಿ ಬಣ್ಣ ಮತ್ತು ಕಹಿ ಕೊಡುವುದೂ ಅದೇ. ವಿಷವಲ್ಲ, ಔಷಧಿಯೂ ಅಲ್ಲ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು, ಪ್ಯಾಕೆಟ್ ಮೇಲೆ ಎಷ್ಟೆಷ್ಟು ಅಂತ ಬರೆದಿರಬೇಕು. ಹೊಟ್ಟೆಯುಬ್ಬರ ಇರುವವರು ಒಂದು ತಿಂಗಳ ಮಟ್ಟಿಗೆ ಚಿಕೋರಿ ಇಲ್ಲದ ಪುಡಿ ತಂದು ನೋಡಿ, ಗೊತ್ತಾಗಿಬಿಡುತ್ತದೆ.

ನಾನು ಹೇಳುವುದಾದರೆ: ದುಡ್ಡಿಗೆ ತೊಂದರೆ ಇಲ್ಲದವರು ಶುದ್ಧ ಅರೇಬಿಕಾ ತನ್ನಿ. ಕೈ ಬಿಗಿ ಇರುವವರು ಅರೇಬಿಕಾಗೇ ಇಪ್ಪತ್ತು-ಮೂವತ್ತು ಭಾಗ ಚಿಕೋರಿ ಹಾಕಿಸಿ, ಕೆಫೀನೂ ಇಳಿಯುತ್ತದೆ, ಬಿಲ್ಲೂ ಇಳಿಯುತ್ತದೆ. ಬೆಳಿಗ್ಗೆ ಒಂದೇ ಲೋಟ ಕುಡಿಯುವವರಿಗೆ ರೋಬಸ್ಟಾ ಇದ್ದರೂ ಏನೂ ಆಗುವುದಿಲ್ಲ. ದಿನಕ್ಕೆ ಐದು ಲೋಟ ಕುಡಿಯುವವರಿಗೆ ಈ ವ್ಯತ್ಯಾಸ ದೊಡ್ಡದು.

ಎಣ್ಣೆಯ ವಿಷಯ ಬಾಕಿ ಇದೆ. ಪುಡಿಯನ್ನು ನೀರಲ್ಲಿ ಕುದಿಸಿ ಹಾಗೇ ಬಗ್ಗಿಸಿಕೊಂಡ ಕಾಫಿಯಲ್ಲಿ ಕೆಫೆಸ್ಟಾಲ್ ಅತಿ ಹೆಚ್ಚು. ಕಾಗದದ ಫಿಲ್ಟರ್ ಅದನ್ನು ಬಹುಪಾಲು ತಡೆಯುತ್ತದೆ. ನಮ್ಮ ಸ್ಟೀಲ್, ಹಿತ್ತಾಳೆ ಫಿಲ್ಟರಿನ ತೂತುಗಳಿಗೆ ಅಷ್ಟು ಶಕ್ತಿ ಇಲ್ಲ. ಹಳ್ಳಿ ಕಡೆ ಅಜ್ಜಿಯರು ಕುದಿಸಿದ ಕಾಫಿಯನ್ನು ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದರಲ್ಲ, ಆ ಬಟ್ಟೆ ಈ ಎಣ್ಣೆಯನ್ನು ಚೆನ್ನಾಗಿಯೇ ಹಿಡಿಯುತ್ತದೆ. ಕೊಲೆಸ್ಟ್ರಾಲ್ ಜಾಸ್ತಿ ಇದ್ದು ದಿನಕ್ಕೆ ಮೂರು-ನಾಲ್ಕು ಲೋಟ ಕುಡಿಯುವವರು ಡಿಕಾಕ್ಷನ್ ಅನ್ನು ಕಾಗದ ಅಥವಾ ತೊಳೆದ ಬಟ್ಟೆಯಲ್ಲಿ ಇನ್ನೊಮ್ಮೆ ಸೋಸಿಕೊಳ್ಳಿ. ಒಂದು ಲೋಟದವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಇನ್‌ಸ್ಟಂಟ್

ಇನ್‌ಸ್ಟಂಟ್ ಅಂದರೆ ಫಿಲ್ಟರ್ ಕಾಫಿಯವರು ಮೂಗು ಮುರಿಯುತ್ತಾರೆ. ಆದರೆ ಅಂಕಿಗಳು ಅದರ ಪರವಾಗಿವೆ. ಕೆಫೀನ್ ಕಡಿಮೆ, ಕೆಫೆಸ್ಟಾಲ್ ಇಲ್ಲವೆನ್ನುವಷ್ಟು ಕಡಿಮೆ, ಚಮಚದಲ್ಲಿ ಅಳೆಯುವುದರಿಂದ ದಿನದಿಂದ ದಿನಕ್ಕೆ ಹೆಚ್ಚು ಕಮ್ಮಿ ಆಗುವುದಿಲ್ಲ. ಬಿಪಿ, ಕೊಲೆಸ್ಟ್ರಾಲ್ ಎರಡೂ ಇದ್ದು ಒಬ್ಬರೇ ಇರುವ ಹಿರಿಯರಿಗೆ ನಾನು ಇದನ್ನೇ ಹೇಳುತ್ತೇನೆ. ಇನ್‌ಸ್ಟಂಟ್‌ನಲ್ಲೂ ಚಿಕೋರಿ ಬೆರೆಸಿದ್ದು, ಬೆರೆಸದ್ದು ಅಂತ ಎರಡು ಬಗೆ ಇದೆ, ಹಿಂಬದಿ ಓದಿ ತನ್ನಿ.

ಎಚ್ಚರ ಬೇಕಾದ್ದು ಹಾಲಿನ ಪುಡಿ, ಸಕ್ಕರೆ ಎಲ್ಲ ಸೇರಿಸಿದ ಸ್ಯಾಷೆ ಮತ್ತು ಆಫೀಸಿನ ಮೆಷಿನ್ ಕಾಫಿ ಬಗ್ಗೆ. ಅವುಗಳಲ್ಲಿ ತೂಕದ ದೊಡ್ಡ ಪಾಲು ಸಕ್ಕರೆಯೇ, ಕಡಿಮೆ ಮಾಡಿ ಅನ್ನಲು ಎದುರಿಗೆ ಯಾರೂ ಇರುವುದಿಲ್ಲ. ಹೆಬ್ಬಾಳದ ಕಡೆ ಕಂಪನಿಗಳಲ್ಲಿ ಕೆಲಸ ಮಾಡುವವರು ಇದನ್ನು ದಿನಕ್ಕೆ ನಾಲ್ಕು ಕಪ್ ಕುಡಿದು, ಮನೆಯಲ್ಲಿ ಹೆಂಡತಿ ಕೊಟ್ಟ ಒಂದು ಲೋಟಕ್ಕೆ "ಸಕ್ಕರೆ ಬೇಡ" ಅಂದರೆ ಏನು ಉಪಯೋಗ?

ಸಕ್ಕರೆ, ಬೆಲ್ಲ, ಬ್ಲ್ಯಾಕ್

ಟೀ ಚಮಚಕ್ಕೆ 5 ಗ್ರಾಂ ಸಕ್ಕರೆ. ಲೋಟಕ್ಕೆ ಎರಡು ಚಮಚ, ದಿನಕ್ಕೆ ನಾಲ್ಕು ಲೋಟ: 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ದಿನಕ್ಕೆ 25 ಗ್ರಾಂ ಒಳಗಿದ್ದರೆ ಉತ್ತಮ. ಮೈಸೂರ್ ಪಾಕ್ ಮುಟ್ಟುವ ಮೊದಲೇ, ಬರೀ ಕಾಫಿಯಲ್ಲೇ ಅದನ್ನು ದಾಟಿರುತ್ತೇವೆ. ಹಾಲಿನ ಲೆಕ್ಕ ಇಷ್ಟು ಗಾಬರಿಯದ್ದಲ್ಲ. ನೀಲಿ ಪ್ಯಾಕೆಟ್ಟಿನ ನಂದಿನಿಯಲ್ಲಿ ಕೊಬ್ಬು ಶೇ 3. ಕಾಫಿಗೆ ಅದೇ ಸಾಕು, ಗಟ್ಟಿ ಹಾಲು ಬೇಕೇ ಬೇಕು ಅಂತಿಲ್ಲ.

ಬೆಲ್ಲದ ಕಾಫಿಗೆ ಈಗ ಎಲ್ಲಿಲ್ಲದ ಮರ್ಯಾದೆ. ಬೆಂಗಳೂರು-ಮೈಸೂರು ರಸ್ತೆ ಬದಿಯಲ್ಲಿ ಬೋರ್ಡ್ ಹಾಕಿ ಮಾರುತ್ತಾರೆ. ಮಂಡ್ಯದ ಕಡೆಯವರಿಗೆ ಇದೇನು ಹೊಸದಲ್ಲ, ಆಲೆಮನೆ ಪಕ್ಕದಲ್ಲಿ ಬೆಳೆದವರಿಗೆ ಕಾಫಿ ಅಂದರೇ ಬೆಲ್ಲದ್ದು. ರುಚಿಗೆ ನಾನೂ ಸೋತವನೇ. ಆದರೆ ಶುಗರ್ ಇರುವವರಿಗೆ ಬೆಲ್ಲ ಸಕ್ಕರೆಯಷ್ಟೇ ಅಪಾಯ. 100 ಗ್ರಾಂ ಸಕ್ಕರೆಯಲ್ಲಿ 400 ಕ್ಯಾಲೊರಿ ಇದ್ದರೆ ಬೆಲ್ಲದಲ್ಲಿ ಸುಮಾರು 380. ರಕ್ತದಲ್ಲಿ ಸಕ್ಕರೆ ಏರಿಸುವುದರಲ್ಲೂ ಅಂಥಾ ಹಿಂದೆ ಇಲ್ಲ. ಕಬ್ಬಿಣ, ಖನಿಜ ಸ್ವಲ್ಪ ಇದೆ ನಿಜ. ಒಂದು ಚಮಚದಲ್ಲಿ ಅದು ಎಷ್ಟು ಬಂದೀತು? ಅದರ ಮೇಲೆ "ಬೆಲ್ಲ ತಾನೆ" ಅಂತ ಇನ್ನೊಂದು ಚೂರು ಜಾಸ್ತಿಯೇ ಹಾಕಿಕೊಳ್ಳುತ್ತೇವೆ.

ಶುಗರ್ ಇಲ್ಲದವರು ಕುಡಿಯಿರಿ, ಅಳತೆಯಲ್ಲಿರಲಿ. ಹಳದಿಯಾಗಿ ಥಳಥಳ ಹೊಳೆಯುವ ಬೆಲ್ಲಕ್ಕೆ ಬಣ್ಣ ಬರಲು ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿರುವ ಸಾಧ್ಯತೆ ಹೆಚ್ಚು, ಕಂದು ಬಣ್ಣದ್ದೇ ಆರಿಸಿ. ಹಾಲು ಒಡೆಯಬಾರದು ಅಂದರೆ ಬೆಲ್ಲವನ್ನು ಬಿಸಿ ಡಿಕಾಕ್ಷನ್‌ನಲ್ಲಿ ಮೊದಲು ಪೂರ್ತಿ ಕರಗಿಸಿ. ಒಲೆಯಿಂದ ಇಳಿಸಿ, ಕಾಯಿಸಿದ ಹಾಲನ್ನು ಕೊನೆಗೆ ಹಾಕಿ. ಮತ್ತೆ ಕುದಿಸಬೇಡಿ.

ತೂಕ ಇಳಿಸಬೇಕು ಅನ್ನುವವರಿಗೆ, ಶುಗರ್ ಇರುವವರಿಗೆ ಬ್ಲ್ಯಾಕ್ ಕಾಫಿ ಲೆಕ್ಕದ ಪ್ರಕಾರ ಮೊದಲ ಆಯ್ಕೆ. ಕ್ಯಾಲೊರಿ ಇಲ್ಲವೆಂದೇ ಹೇಳಬಹುದು. ಆದರೆ ನಮ್ಮ ಗಟ್ಟಿ ಡಿಕಾಕ್ಷನ್‌ಗೆ ಬರೀ ನೀರು ಹಾಕಿ ಕುಡಿದರೆ ಮುಖ ಕಿವುಚಬೇಕಾಗುತ್ತದೆ. ಚಿಕೋರಿ ಇಲ್ಲದ, ತೀರಾ ಕಪ್ಪಗೆ ಹುರಿಯದ ಅರೇಬಿಕಾವನ್ನು ಕಾಗದದ ಫಿಲ್ಟರಿನಲ್ಲಿ ತೆಳ್ಳಗೆ ಇಳಿಸಿದರೆ ಸಕ್ಕರೆ ಬೇಕು ಅನ್ನಿಸುವುದೇ ಕಡಿಮೆ. ಖರ್ಚು ಸ್ವಲ್ಪ ಜಾಸ್ತಿ. ಅದು ಆಗದವರು ಹಾಲು ಇಟ್ಟುಕೊಂಡು ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚ ಇಳಿಸುತ್ತಾ ಬನ್ನಿ. ನನ್ನ ಮಟ್ಟಿಗೆ ಇದೇ ಹೆಚ್ಚು ಉಳಿಯುವ ದಾರಿ, ಬ್ಲ್ಯಾಕ್ ಶುರು ಮಾಡಿದವರು ಬಹಳ ಜನ ಹದಿನೈದು ದಿನದಲ್ಲಿ ಹಳೇ ಲೋಟಕ್ಕೆ ವಾಪಸ್ ಬರುತ್ತಾರೆ.

ಡಿಕ್ಯಾಫ್, ಕೊತ್ತಂಬರಿ ಕಾಫಿ

ಕೆಫೀನ್ ತೆಗೆದ ಕಾಫಿಯಲ್ಲೂ ಕಪ್ಪಿಗೆ ಕೆಲವು ಮಿಲಿಗ್ರಾಂ ಉಳಿದಿರುತ್ತದೆ, ತೊಂದರೆ ಕೊಡುವಷ್ಟಲ್ಲ. ಬೆಲೆ ಜಾಸ್ತಿ, ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಸಂಜೆ ಆರರ ಮೇಲೆ ಕಾಫಿ ಬೇಕೇ ಬೇಕು, ನಿದ್ದೆಯೂ ಬೇಕು ಅನ್ನುವವರಿಗೆ ಮಾತ್ರ ಇದು. ಎದೆ ಉರಿ ಇರುವವರು ಡಿಕ್ಯಾಫ್ ತಂದು ಪರಿಹಾರ ಸಿಕ್ಕಿತು ಅಂದುಕೊಳ್ಳಬೇಡಿ. ಅದೂ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿಸುತ್ತದೆ.

ಎದೆ ಉರಿಯವರಿಗೆ, ಮಕ್ಕಳಿಗೆ ಒಳ್ಳೆಯದು ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಒಣ ಶುಂಠಿಯ ಪುಡಿ ಹಾಕಿದ ಕಷಾಯ. ಕೆಲವರು ಇದನ್ನೇ ಕೊತ್ತಂಬರಿ ಕಾಫಿ ಅನ್ನುತ್ತಾರೆ. ಕೆಫೀನ್ ಸೊನ್ನೆ, ಖರ್ಚೂ ಅತಿ ಕಡಿಮೆ. ಶುಂಠಿಯ ಖಾರ ಆಗದವರು ಅದನ್ನು ಬಿಟ್ಟು ಮಾಡಿಕೊಳ್ಳಿ.

ಈಗ ನಿಮ್ಮ ಸರದಿ

ಬಿಪಿ: ಕೆಫೀನ್ ಒಂದೆರಡು ಗಂಟೆ ಬಿಪಿ ಏರಿಸುತ್ತದೆ. ದಿನಾ ಕುಡಿಯುವವರ ದೇಹ ಅದಕ್ಕೆ ಒಗ್ಗಿಕೊಂಡಿರುವುದೂ ಉಂಟು. ನೀವು ಯಾವ ಗುಂಪು ಅಂತ ಮನೆಯಲ್ಲೇ ನೋಡಬಹುದು. ಕಾಫಿಗೆ ಮೊದಲು ಒಮ್ಮೆ ಬಿಪಿ ನೋಡಿ, ಕುಡಿದು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಇನ್ನೊಮ್ಮೆ ನೋಡಿ. 5ರಿಂದ 10 ಪಾಯಿಂಟ್ ಏರಿದರೆ ನಿಮಗೆ ಕೆಫೀನ್ ತಾಗುತ್ತದೆ ಅಂತ ಅರ್ಥ, ಇನ್‌ಸ್ಟಂಟ್‌ಗೋ ತೆಳು ಕಾಫಿಗೋ ಇಳಿಯಿರಿ. 160/100ರ ಮೇಲಿದ್ದು ಹತೋಟಿಗೆ ಬಂದಿಲ್ಲದವರು ಡಾಕ್ಟರನ್ನು ಕೇಳದೆ ದಿನಕ್ಕೆ ಒಂದು ದಾಟಬೇಡಿ. ಕ್ಲಿನಿಕ್ಕಿಗೆ ಬಿಪಿ ತೋರಿಸಲು ಹೋಗುವಾಗ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಹೋಗುವ ಅಭ್ಯಾಸವನ್ನಂತೂ ಬಿಡಿ.

ಬಸುರಿ, ಬಾಣಂತಿ: ಬಸುರಿನಲ್ಲಿ ಕೆಫೀನ್ ರಕ್ತದಿಂದ ಇಳಿಯುವುದು ಬಹಳ ನಿಧಾನ. ಮಗುವಿಗೂ ಅದನ್ನು ಕರಗಿಸುವ ಶಕ್ತಿ ಇರುವುದಿಲ್ಲ. ಪೂರ್ತಿ ನಿಲ್ಲಿಸಲೇಬೇಕು ಅಂತಿಲ್ಲ, 200 ಮಿಲಿಗ್ರಾಂ ಒಳಗಿರಲಿ. ಅಂದರೆ ಮನೆಯ ಫಿಲ್ಟರ್ ಕಾಫಿ ಒಂದು ಲೋಟ, ಅಥವಾ ಇನ್‌ಸ್ಟಂಟ್ ಎರಡು. ಟೀ, ಕೋಲಾ, ಚಾಕೊಲೇಟ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ ಅನ್ನುವುದನ್ನು ಅತ್ತೆಯವರಿಗೂ ಹೇಳಿಡಿ.

ರಕ್ತಹೀನತೆ: ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ಕಾಫಿ ತಡೆಯುತ್ತದೆ. ಟೀ ಅದಕ್ಕಿಂತ ಜಾಸ್ತಿ ತಡೆಯುತ್ತದೆ, ಹಾಗಾಗಿ ಟೀಗೆ ಬದಲಾಯಿಸಿ ಪ್ರಯೋಜನ ಇಲ್ಲ. ಪುಡಿ ಬದಲಾಯಿಸಿಯೂ ಪ್ರಯೋಜನ ಇಲ್ಲ. ಬದಲಾಯಿಸಬೇಕಾದ್ದು ಹೊತ್ತು. ಊಟ-ತಿಂಡಿಗೆ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಕಾಫಿ-ಟೀ ಬೇಡ ಅನ್ನುತ್ತದೆ ಐಸಿಎಂಆರ್ ಮಾರ್ಗಸೂಚಿ. ಮಸಾಲೆ ದೋಸೆ ತಿಂದು ಕಾಫಿ ಕುಡಿಯದೆ ಏಳುವುದು ಮೈಸೂರಿನಲ್ಲಿ ಕಷ್ಟ, ಗೊತ್ತು. ಹೋಟೆಲಿಗೆ ಹೋದ ದಿನ ಹೋಗಲಿ ಬಿಡಿ. ಮನೆಯಲ್ಲಿ ಎದ್ದ ಕೂಡಲೇ ಒಂದು, ಮಧ್ಯಾಹ್ನ ಊಟವಾಗಿ ಎರಡು ಗಂಟೆ ಕಳೆದು ಒಂದು ಅಂತ ಇಟ್ಟುಕೊಂಡರೆ ಆಯಿತು. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಿದರೆ ಮಾತ್ರೆಯ ದುಡ್ಡು ದಂಡ. ಥೈರಾಯ್ಡ್ ಮಾತ್ರೆಗೂ ಇದೇ ಮಾತು. ಬರೀ ನೀರಲ್ಲಿ ತಗೊಂಡು, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿಗೆ ಕೈ ಹಾಕಿ.

ನಿದ್ದೆ: ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದದ್ದರ ಅರ್ಧ ರಾತ್ರಿ ಹನ್ನೊಂದಕ್ಕೆ ಇನ್ನೂ ರಕ್ತದಲ್ಲೇ ಓಡಾಡುತ್ತಿರುತ್ತದೆ. "ನಂಗೇನೂ ಆಗಲ್ಲ, ಕುಡಿದು ಮಲಗಿದ್ರೆ ನಿದ್ದೆ ಬರುತ್ತೆ" ಅನ್ನುವವರಿದ್ದಾರೆ. ನಿದ್ದೆ ಬರುತ್ತದೆ, ಆದರೆ ಆಳವಾಗಿರುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಕೊನೆಯದು ಅಂತ ಮಾಡಿಕೊಳ್ಳಿ. ಸಂಜೆ ಗೆಳೆಯರ ಜೊತೆ ಹೋಟೆಲಿಗೆ ಹೋಗಲೇಬೇಕು ಅಂದರೆ ಬೈ-ಟು ಹೇಳಿ. ಕೆಫೀನ್, ಸಕ್ಕರೆ, ದುಡ್ಡು ಮೂರನ್ನೂ ಒಂದೇ ಏಟಿಗೆ ಅರ್ಧ ಮಾಡುವ ಇನ್ನೊಂದು ಉಪಾಯ ನನಗಂತೂ ಕಂಡಿಲ್ಲ.

ಯಾವ ತೊಂದರೆಯೂ ಇಲ್ಲದವರಿಗೆ: ಕಾಫಿ ಕುಡಿಯುವವರಲ್ಲಿ ಸಕ್ಕರೆ ಕಾಯಿಲೆ, ಲಿವರ್ ಸಿರೋಸಿಸ್, ಪಾರ್ಕಿನ್ಸನ್ ಕಡಿಮೆ ಅಂತ ದೊಡ್ಡ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕಾಫಿಯಿಂದಲೇ ಹಾಗಾಯಿತು ಅನ್ನಲು ಅಷ್ಟು ಸಾಲದು. ಅವು ಹೆಚ್ಚಾಗಿ ನಡೆದದ್ದೂ ಅಮೆರಿಕ, ಯುರೋಪ್, ಜಪಾನಿನಲ್ಲಿ. ಅಲ್ಲಿಯವರ ಕಪ್ಪು ಬೇರೆ, ಎರಡು ಚಮಚ ಸಕ್ಕರೆಯ ನಮ್ಮ ಲೋಟ ಬೇರೆ. ಕುಡಿಯದವರು ಇದನ್ನು ಓದಿ ಶುರು ಮಾಡಬೇಕಿಲ್ಲ, ಕುಡಿಯುವವರು ಹೆದರಿ ಬಿಡಬೇಕಿಲ್ಲ. ಕ್ಯಾನ್ಸರ್ ಭಯ ಇರುವವರಿಗೆ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಕಾಫಿಯನ್ನು ಅನುಮಾನದ ಪಟ್ಟಿಯಿಂದ ತೆಗೆಯಿತು. ಅದೇ ಸಲ, 65 ಡಿಗ್ರಿಗಿಂತ ಬಿಸಿಯಿರುವ ಯಾವುದೇ ಪಾನೀಯ ಅನ್ನನಾಳಕ್ಕೆ ಅಪಾಯಕಾರಿ ಇರಬಹುದು ಅಂದಿತು. ಲೋಟದಿಂದ ಬಟ್ಟಲಿಗೆ ನಾಲ್ಕು ಸಲ ಎತ್ತಿ ಹೊಯ್ದು ಕುಡಿದರೆ ಆ ಚಿಂತೆಯೂ ಬೇಡ.

ಕಡಿಮೆ ಮಾಡುವುದು ಅಂತ ತೀರ್ಮಾನಿಸಿದವರು ಒಂದೇ ದಿನಕ್ಕೆ ನಿಲ್ಲಿಸಬೇಡಿ. ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ, ಕೆಲವರಿಗೆ ವಾರದವರೆಗೂ ಕಾಡುತ್ತದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆಗೆ ಹೋದ ದಿನ ಲ್ಯಾಬಿನಲ್ಲಿ ತಲೆ ಸಿಡಿಯುತ್ತದಲ್ಲ, ಅದಕ್ಕೆ ಹಸಿವೊಂದೇ ಕಾರಣವಲ್ಲ, ತಪ್ಪಿಹೋದ ಬೆಳಗಿನ ಕಾಫಿಯೂ ಕಾರಣ. ಮೊದಲ ವಾರ ಸಂಜೆಯ ಲೋಟ ಅರ್ಧ ಮಾಡಿ, ಎರಡನೇ ವಾರ ಅದನ್ನು ತೆಗೆಯಿರಿ, ಆಮೇಲೆ ಹನ್ನೊಂದು ಗಂಟೆಯದಕ್ಕೆ ಬನ್ನಿ. ಹೊಸ ಪುಡಿಗೆ ಬದಲಾಗುವವರು ಮೊದಲ ಸಲ ನೂರು ಗ್ರಾಂ ಮಾತ್ರ ಪುಡಿ ಮಾಡಿಸಿ. ಹೊಟ್ಟೆಗೂ ನಾಲಿಗೆಗೂ ಒಪ್ಪಿದರೆ ಆಮೇಲೆ ಕಾಲು ಕೆಜಿ ತರಬಹುದು.